ಇವಳು ಯಾರ ಕಡೆ? ನಿಷ್ಠೆ ಗೊತ್ತಾಗದ ಏಜೆಂಟ್ ಇರುವ ಸ್ಪೈ ಥ್ರಿಲ್ಲರ್ ಬರೆಯಲು ಸಮಗ್ರ ಮಾರ್ಗದರ್ಶಿ

ಈ ಥರದ ಕಥೆ ಬರೆಯಲು ಕೂತವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಏಜೆಂಟ್ ಯಾರ ಕಡೆಯವನು ಅನ್ನುವುದನ್ನು ಮುನ್ನೂರು ಪುಟ ಮುಚ್ಚಿಡುತ್ತಾರೆ. ಕೊನೆಯ ಹತ್ತು ಪುಟದಲ್ಲಿ "ಅವನು ಮೊದಲಿನಿಂದಲೂ ನಮ್ಮವನೇ" ಅಂತ ಬಾಯಿಬಿಡುತ್ತಾರೆ. ಓದುಗರಿಗೆ ಆಗ ಬರುವುದು ಸಿಟ್ಟು. ತಮಗೆ ಊಹಿಸಲು ಏನನ್ನೂ ಕೊಡದೆ, ಊಹಿಸಲಿಲ್ಲ ಅಂತ ಅಣಕಿಸಿದ ಹಾಗೆ ಅನಿಸುತ್ತದೆ.

ನನ್ನ ಪ್ರಕಾರ ಅನುಮಾನ ಹುಟ್ಟುವುದು ಎಲ್ಲವನ್ನೂ ತೋರಿಸಿದಾಗ. ಏಜೆಂಟ್ ಏನು ಮಾಡಿದಳು ಅನ್ನುವುದು ಓದುಗರ ಕಣ್ಣಮುಂದೆಯೇ ನಡೆಯಬೇಕು. ಯಾಕೆ ಮಾಡಿದಳು ಅನ್ನುವುದಕ್ಕೆ ಮಾತ್ರ ಎರಡು ಉತ್ತರ ಇರಬೇಕು, ಎರಡೂ ಸಮ ಸಮ ನಂಬುವ ಹಾಗಿರಬೇಕು. ಕಾದಂಬರಿಯಾಗಲಿ, ಸಿನಿಮಾ ಸ್ಕ್ರಿಪ್ಟ್ ಆಗಲಿ, ಕೆಲಸ ಇದೇ. ಮುಂದಿನ ಹೆಜ್ಜೆಗಳೆಲ್ಲ ಇದನ್ನು ಸಾಧಿಸುವ ದಾರಿಗಳು.

ಹೆಜ್ಜೆ 1: ಉತ್ತರ ನಿಮಗೆ ಗೊತ್ತಿರಲಿ

"ಬರೆಯುತ್ತಾ ಹೋದರೆ ತಾನಾಗೇ ಗೊತ್ತಾಗುತ್ತೆ" ಅನ್ನುವುದು ಬೇರೆ ಕಥೆಗಳಿಗೆ ಸರಿ ಇರಬಹುದು. ಇಲ್ಲಿ ಆಗಲ್ಲ. ಓದುಗರು ಗೊಂದಲದಲ್ಲಿರಬೇಕಾದರೆ ಬರೆಯುವವರು ಗೊಂದಲದಲ್ಲಿರಬಾರದು. ಒಂದು ಹಾಳೆ ತೆಗೆದುಕೊಂಡು ಒಂದೇ ವಾಕ್ಯದಲ್ಲಿ ಬರೆದಿಡಿ: ಇವಳು ಯಾರ ಕಡೆ, ಯಾವಾಗಿನಿಂದ, ಯಾಕೆ.

ಉತ್ತರ ನಾಲ್ಕು ಬಗೆಯಲ್ಲಿ ಬರಬಹುದು. ತನ್ನ ಸಂಸ್ಥೆಗೇ ನಿಷ್ಠಳು, ಆದರೆ ದ್ರೋಹಿಯ ಹಾಗೆ ಕಾಣುತ್ತಾಳೆ. ಎದುರಾಳಿಗೆ ನಿಷ್ಠಳು, ಒಳ್ಳೆಯವಳ ಹಾಗೆ ಕಾಣುತ್ತಾಳೆ. ಯಾವ ಸಂಸ್ಥೆಗೂ ಅಲ್ಲ, ಒಬ್ಬ ವ್ಯಕ್ತಿಗೆ ನಿಷ್ಠಳು: ಮಗನಿಗೋ, ಕೆಲಸ ಕಲಿಸಿದ ಹಿರಿಯನಿಗೋ, ತನ್ನನ್ನು ನಂಬಿ ಸತ್ತವನ ಹೆಂಡತಿಗೋ. ನಾಲ್ಕನೆಯದು, ಅವಳೇ ಇನ್ನೂ ತೀರ್ಮಾನಿಸಿಲ್ಲ.

ಮೊದಲ ಎರಡು ಬರೆಯಲು ಸುಲಭ, ಅಷ್ಟೇ ಬೇಗ ಹಳಸುತ್ತವೆ. ಇರುವುದು ಎರಡೇ ಉತ್ತರ, ಓದುಗರ ಊಹೆ ಅರ್ಧಕ್ಕರ್ಧ ಸರಿಯಾಗಿಬಿಡುತ್ತದೆ. ಮೂರನೆಯದು ಮತ್ತು ನಾಲ್ಕನೆಯದರಲ್ಲಿ ಸತ್ವ ಜಾಸ್ತಿ. ನಾಲ್ಕನೆಯದನ್ನು ಆರಿಸಿಕೊಂಡರೆ ಒಂದು ಕೆಲಸ ಹೆಚ್ಚಿಗೆ ಇದೆ. ಅವಳು ತೀರ್ಮಾನ ಮಾಡುವ ಗಳಿಗೆ ಯಾವುದು ಅಂತ ಗುರುತು ಹಾಕಿಕೊಳ್ಳಿ. ಆ ಗಳಿಗೆಗೆ ಮುಂಚೆ ಅವಳು ನಿಜವಾಗಿಯೂ ಎರಡು ದೋಣಿಯಲ್ಲಿ ಕಾಲಿಟ್ಟವಳು. ಆಮೇಲೆ ನಟಿಸುತ್ತಿರುವವಳು. ಈ ಎರಡರ ನಡವಳಿಕೆ ಬೇರೆ ಬೇರೆ ಇರುತ್ತದೆ.

ಮೂರನೆಯ ಬಗೆಗೆ ನಮ್ಮ ಕಣ್ಣೆದುರೇ ಒಬ್ಬ ಇದ್ದಾನೆ, ಕರ್ಣ. ತಾನು ಯಾರ ಮಗ ಅಂತ ಗೊತ್ತಾದ ಮೇಲೂ ಅವನು ಪಕ್ಷ ಬದಲಿಸುವುದಿಲ್ಲ. ಆದರೆ ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ ಅಂತ ಕುಂತಿಗೆ ಮಾತು ಕೊಡುತ್ತಾನೆ. ಕೌರವರ ಸೇನೆಯಲ್ಲಿ ನಿಂತು, ಎದುರು ಪಕ್ಷಕ್ಕೆ ಕೊಟ್ಟ ಗುಟ್ಟಿನ ಮಾತನ್ನು ಕಾಪಾಡುತ್ತಾ ಯುದ್ಧ ಮಾಡುವವನು! ಆಯುಧವಿಲ್ಲದ ಭೀಮ ಕೈಗೆ ಸಿಕ್ಕಾಗ ಬಿಲ್ಲಿನ ತುದಿಯಿಂದ ತಿವಿದು, ಹೊಟ್ಟೆಬಾಕ ಅಂತ ಹೀಯಾಳಿಸಿ ಬಿಟ್ಟುಬಿಡುತ್ತಾನೆ. ದುರ್ಯೋಧನನ ಕಡೆಯವರು ನೋಡಿದರೆ ಅದು ಗೆದ್ದವನ ಸೊಕ್ಕು. ಕುಂತಿ ನೋಡಿದರೆ ಮಗ ಮಾತು ಉಳಿಸಿಕೊಂಡ. ಒಂದೇ ಕೆಲಸ, ಎರಡು ಅರ್ಥ, ಎರಡೂ ಹೊಂದುತ್ತವೆ. ನಿಮ್ಮ ಕಥೆಯ ಪ್ರತಿ ಮುಖ್ಯ ದೃಶ್ಯವೂ ಇಷ್ಟು ಮಾಡಿದರೆ ಸಾಕು.

ಈ ಮಾರ್ಗದರ್ಶಿಗೆ ನಮ್ಮದೇ ಒಬ್ಬಳನ್ನು ಸೃಷ್ಟಿಸಿಕೊಳ್ಳೋಣ. ಹೆಸರು ಮೀರಾ. ಆರು ವರ್ಷದಿಂದ ಎದುರಾಳಿಯ ಗುಪ್ತಚರ ಸಂಸ್ಥೆಯ ಒಳಗೆ ಕೂತು ತನ್ನ ಸಂಸ್ಥೆಗೆ ಸುದ್ದಿ ಕಳಿಸುತ್ತಿದ್ದಾಳೆ. ಎದುರಾಳಿಗಳ ಲೆಕ್ಕದಲ್ಲಿ, ಅವಳು ಅವರಿಗಾಗಿ ಇವರ ಮೇಲೆ ಕಣ್ಣಿಟ್ಟವಳು. ನಿಜವಾದ ಲೆಕ್ಕ ನಮ್ಮ ಹಾಳೆಯಲ್ಲಿದೆ.

ಹೆಜ್ಜೆ 2: ಕಾರಣ ಹುಡುಕಿ, ಒಂದಲ್ಲ ಎರಡು

ಜನ ಯಾಕೆ ಪಕ್ಷ ಬದಲಿಸುತ್ತಾರೆ ಅನ್ನುವುದಕ್ಕೆ ಗುಪ್ತಚರರು ನಾಲ್ಕು ಕಾರಣ ಹೇಳುತ್ತಾರೆ: ದುಡ್ಡು, ನಂಬಿಕೆ, ಬೆದರಿಕೆ, ಅಹಂ. ಪಟ್ಟಿ ಹಳೆಯದು, ಆದರೆ ಶುರು ಮಾಡಲು ಸಾಕು.

ದುಡ್ಡಿಗೆ ಅಲ್ಡ್ರಿಚ್ ಏಮ್ಸ್ ಉದಾಹರಣೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿ, 1985ರಲ್ಲಿ ಸೋವಿಯತ್ ಕಡೆಗೆ ತನ್ನ ಸಂಸ್ಥೆಯ ಏಜೆಂಟರ ಹೆಸರುಗಳನ್ನು ಮಾರಲು ಶುರು ಮಾಡಿದ. ಸರ್ಕಾರಿ ಸಂಬಳದಲ್ಲಿದ್ದವನು ಮನೆಗೆ ನಗದು ಎಣಿಸಿದ, ಜಾಗ್ವಾರ್ ಕಾರು ಓಡಿಸಿದ. ಆದರೂ ಸಿಕ್ಕಿಬಿದ್ದದ್ದು 1994ರಲ್ಲಿ. ನಂಬಿಕೆಗೆ ಓಲೆಗ್ ಗೊರ್ಡಿಯೆವ್‌ಸ್ಕಿ. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಅಧಿಕಾರಿ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ನುಗ್ಗಿದ್ದು ಅವನ ಮನಸ್ಸು ಮುರಿಯಿತು, ಮುಂದೆ ವರ್ಷಗಟ್ಟಲೆ ಬ್ರಿಟನ್ನಿಗೆ ಕೆಲಸ ಮಾಡಿದ. ರಾಬರ್ಟ್ ಹ್ಯಾನ್ಸನ್ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಒಳಗೇ ಕೂತು ಮಾಸ್ಕೋಗೆ ಗುಟ್ಟು ಮಾರಿದವನು. ದುಡ್ಡೂ ತೆಗೆದುಕೊಂಡ, ವಜ್ರವೂ ತೆಗೆದುಕೊಂಡ. ಆದರೆ ಬರೀ ದುಡ್ಡಿಗೆ ಅನ್ನುವುದು ಅವನ ವಿಷಯದಲ್ಲಿ ಸಾಲುವುದಿಲ್ಲ. ತಾನು ಎಲ್ಲರಿಗಿಂತ ಜಾಣ ಅನ್ನುವ ಗುಟ್ಟಿನ ಖುಷಿಯೂ ಅಲ್ಲಿತ್ತು. ಒಂದು ಹಂತದಲ್ಲಿ ಒಳಗಿನ ದ್ರೋಹಿ ಯಾರು ಅಂತ ಹುಡುಕುವ ಕೆಲಸ ಅವನಿಗೇ ಬಂದಿತ್ತು!

ನಿಜ ಜೀವನದಲ್ಲಿ ಈ ನಾಲ್ಕೂ ಬೆರೆತಿರುತ್ತವೆ. ಹಾಗಾಗಿ ಪಾತ್ರಕ್ಕೆ ಎರಡು ಕಾರಣ ಕೊಡಿ. ಒಂದು, ಅವಳು ತನಗೆ ತಾನೇ ಹೇಳಿಕೊಳ್ಳುವುದು. ಇನ್ನೊಂದು, ಅವಳನ್ನು ನಿಜವಾಗಿ ನಡೆಸುವುದು. ಮೀರಾ ತನಗೆ ಹೇಳಿಕೊಳ್ಳುವುದು, "ನಾನು ಯುದ್ಧ ತಪ್ಪಿಸುತ್ತಿದ್ದೇನೆ." ಅವಳನ್ನು ನಡೆಸುವುದು ಬೇರೆ. ಮೂರು ವರ್ಷದ ಹಿಂದೆ ಅವಳು ಸಿಕ್ಕಿಬೀಳುವ ಹಂತದಲ್ಲಿದ್ದಾಗ ಅವಳ ಸಂಸ್ಥೆ ಫೋನ್ ಎತ್ತಲಿಲ್ಲ. ಎತ್ತಿದ್ದು ಎದುರಾಳಿ ಕಡೆಯ ಒಬ್ಬ. ಅವನಿಗೆ ಅವಳ ಗುಟ್ಟು ಗೊತ್ತಾ, ಗೊತ್ತಿಲ್ಲದೆ ಸುಮ್ನೆ ಸಹಾಯ ಮಾಡಿದನಾ, ಅದು ಅವಳಿಗೂ ಗೊತ್ತಿಲ್ಲ. ಎರಡು ಕಾರಣಗಳೂ ಒಂದೇ ದಿಕ್ಕಿಗೆ ಎಳೆಯುವವರೆಗೆ ಕಥೆ ಶಾಂತ. ಬೇರೆ ದಿಕ್ಕಿಗೆ ಎಳೆದ ದಿನ ಕಥೆ ಶುರು.

ಹೆಜ್ಜೆ 3: ಮೂರು ಕಾಲಮ್ಮಿನ ನೋಟ್‌ಬುಕ್

ಇಡೀ ಕೆಲಸದ ಬೆನ್ನೆಲುಬು ಇದು, ಇಲ್ಲಿ ಆತುರ ಮಾಡಬೇಡಿ.

ನೋಟ್‌ಬುಕ್ಕಿನ ಒಂದು ಪುಟವನ್ನು ಮೂರು ಭಾಗ ಮಾಡಿ. ಎಡಕ್ಕೆ, ಏಜೆಂಟ್ ಮಾಡಿದ ಕೆಲಸ. ಮಧ್ಯಕ್ಕೆ, ಅವಳು ನಿಷ್ಠಳಾಗಿದ್ದರೆ ಅದನ್ನು ಯಾಕೆ ಮಾಡುತ್ತಿದ್ದಳು. ಬಲಕ್ಕೆ, ದ್ರೋಹಿಯಾಗಿದ್ದರೆ ಯಾಕೆ ಮಾಡುತ್ತಿದ್ದಳು. ಪ್ರತಿ ದೃಶ್ಯಕ್ಕೂ ಒಂದು ಸಾಲು. ಯಾವುದಾದರೂ ಸಾಲಿನಲ್ಲಿ ಒಂದು ಕಾಲಮ್ ಖಾಲಿ ಉಳಿದರೆ ಆ ದೃಶ್ಯ ಅನುಮಾನವನ್ನು ಅಲ್ಲೇ ಕೊಂದುಬಿಡುತ್ತದೆ. ಒಂದು ಕಾಲಮ್ಮಿನ ಉತ್ತರ ಎಳೆದು ತಂದ ಹಾಗಿದ್ದರೂ ಅಷ್ಟೇ.

ಮಾಡಿದ ಕೆಲಸಕ್ಕಿಂತ ಮಾಡದೆ ಬಿಟ್ಟ ಕೆಲಸ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ. 1945ರ ಒಂದು ಪ್ರಸಂಗ ನೋಡಿ. ಇಸ್ತಾಂಬುಲ್‌ನಲ್ಲಿದ್ದ ಸೋವಿಯತ್ ಅಧಿಕಾರಿ ಕಾನ್‌ಸ್ಟಾಂಟಿನ್ ವೋಲ್ಕೊವ್ ಬ್ರಿಟಿಷರ ಕಡೆಗೆ ಬರುತ್ತೇನೆ ಅಂದ. ಬ್ರಿಟಿಷ್ ಗುಪ್ತಚರ ಸಂಸ್ಥೆಯೊಳಗೇ ಇರುವ ಸೋವಿಯತ್ ಏಜೆಂಟರ ಸುಳಿವು ಕೊಡುವುದಾಗಿಯೂ ಹೇಳಿದ. ಲಂಡನ್ನಿನಲ್ಲಿ ಆ ಫೈಲ್ ಯಾರ ಮೇಜಿಗೆ ಬಂತು ಗೊತ್ತಾ? ಬ್ರಿಟಿಷ್ ಗುಪ್ತಚರ ಅಧಿಕಾರಿ ಕಿಮ್ ಫಿಲ್ಬಿಯ ಮೇಜಿಗೆ. ಅವನೇ ಆ ಏಜೆಂಟರಲ್ಲಿ ಒಬ್ಬ. ಫಿಲ್ಬಿ ಗುಂಡು ಹಾರಿಸಲಿಲ್ಲ, ಕಾಗದ ಸುಡಲಿಲ್ಲ. ಮಾಸ್ಕೋಗೆ ಸುದ್ದಿ ಮುಟ್ಟಿಸಿ, ತಾನು ಇಸ್ತಾಂಬುಲ್‌ಗೆ ಹೋಗುವುದನ್ನು ನಿಧಾನ ಮಾಡಿದ. ಅವನು ತಲುಪುವ ಹೊತ್ತಿಗೆ ವೋಲ್ಕೊವ್‌ನನ್ನು ಮಾಸ್ಕೋಗೆ ಸಾಗಿಸಿ ಆಗಿತ್ತು. ಹೊರಗಿನಿಂದ ನೋಡಿದವರಿಗೆ ಕಂಡದ್ದು ಬರೀ ಆಫೀಸಿನ ವಿಳಂಬ. ಆಫೀಸಿನ ವಿಳಂಬ ಯಾರಿಗೆ ಗೊತ್ತಿಲ್ಲ ಹೇಳಿ!

ಈಗ ಮೀರಾಳ ಕಥೆಗೆ ಒಂದು ದೃಶ್ಯ ಕಟ್ಟೋಣ. ಒಬ್ಬ ಗುಮಾಸ್ತ ಗುಟ್ಟಿನ ಪಟ್ಟಿಯೊಂದಿಗೆ ತಪ್ಪಿಸಿಕೊಂಡು ಬರಲು ಸಿದ್ಧನಿದ್ದಾನೆ. ಅವನನ್ನು ರೈಲ್ವೆ ಸ್ಟೇಷನ್ನಿನ ಹಿಂದಿನ ರಸ್ತೆಯಿಂದ ಮೀರಾ ಕರೆತರಬೇಕು. ಜೋರು ಮಳೆ. ಅವಳು ತಲುಪಿದ್ದು ತಡವಾಗಿ. ಅಷ್ಟರಲ್ಲಿ ಅವನನ್ನು ಎಳೆದುಕೊಂಡು ಹೋಗಿ ಆಗಿದೆ. ವಾಪಸ್ ಬಂದವಳನ್ನು ಅವಳ ಸಂಸ್ಥೆಯ ಶ್ರೀಧರ ಅನ್ನುವ ಹಿರಿಯ ಅಧಿಕಾರಿ ವಿಚಾರಿಸುತ್ತಾನೆ.

"ಯಾಕೆ ತಡವಾಯ್ತು ಮೀರಾ?"

"ಹಿಂದೆ ಇಬ್ಬರು ಇದ್ದರು ಸರ್. ಎರಡು ಸುತ್ತು ನಡೆದು ತಪ್ಪಿಸಿಕೊಂಡು ಬಂದೆ."

ಶ್ರೀಧರ ತಲೆಯಾಡಿಸಿ ಬರೆದುಕೊಳ್ಳುತ್ತಾನೆ. ಅವಳು ಎದ್ದು ಹೋಗುವಾಗ ಕುರ್ಚಿಯ ಬೆನ್ನಿನಿಂದ ಕೋಟು ತೆಗೆದುಕೊಳ್ಳುತ್ತಾಳೆ. ಕೋಟು ಒಣಗಿದೆ. ಅವಳ ಚಪ್ಪಲಿಯ ಕೆಳಗೆ ಮಾತ್ರ ನೀರು ನಿಂತಿದೆ.

ಅಲ್ಲಿಗೆ ದೃಶ್ಯ ಮುಗಿಸಿ. ವಿವರಣೆ ಬೇಡ. ಓದುಗರು ತಾವೇ ಲೆಕ್ಕ ಹಾಕುತ್ತಾರೆ: ಅಷ್ಟು ಮಳೆಯಲ್ಲಿ ಎರಡು ಸುತ್ತು ನಡೆದವಳ ಕೋಟು ಒದ್ದೆ ಆಗಬೇಡವಾ? ಯಾರದೋ ಕಾರಿನಲ್ಲಿ ಕೂತಿದ್ದಳಾ? ಬಲ ಕಾಲಮ್ ತುಂಬಿತು. ಮಧ್ಯದ ಕಾಲಮ್ಮಿಗೆ ಏನು? ಹಿಂಬಾಲಿಸುವವರನ್ನು ತಪ್ಪಿಸಲು ಏಜೆಂಟರು ದಾರಿಯಲ್ಲಿ ಕೋಟು, ಟೋಪಿ ಬದಲಿಸುವುದು ಮಾಮೂಲು. ನೋಡುವವರ ಕಣ್ಣು ಹುಡುಕುವುದು ಬಣ್ಣವನ್ನು, ಆಕಾರವನ್ನು. ಅವಳು ಕೋಟು ಬದಲಿಸಿದ್ದಾಳೆ. ಇದನ್ನು ಐವತ್ತು ಪುಟ ಆದ ಮೇಲೆ ಹೇಳಿ. ಸ್ಟೇಷನ್ನಿನ ಕಸದ ಡಬ್ಬಿಯಲ್ಲಿ ಹಳೆಯ ಕೋಟು ಸಿಗಲಿ, ಓದುಗರು ಉಸ್ಸಪ್ಪಾ ಅನ್ನಲಿ. ಆಮೇಲೆ ಆ ಕೋಟಿನ ಜೇಬಿನಲ್ಲಿ ಗುಮಾಸ್ತನ ಮನೆಯ ಬೀಗದ ಕೈ ಸಿಗಲಿ.

ಒಂದು ಪುರಾವೆ ಒಂದು ಅನುಮಾನವನ್ನು ತೀರಿಸಬೇಕು, ಇನ್ನೊಂದನ್ನು ಹುಟ್ಟಿಸಬೇಕು. ಬರೀ ಹುಟ್ಟಿಸುತ್ತಾ ಹೋದರೆ ಓದುಗರಿಗೆ ದಣಿವಾಗುತ್ತದೆ. ಬರೀ ತೀರಿಸುತ್ತಾ ಹೋದರೆ ಕಥೆ ಮುಗಿದೇ ಹೋಯಿತು.

ಹೆಜ್ಜೆ 4: ಯಾರ ಕಣ್ಣಿನಿಂದ ಹೇಳುತ್ತೀರಿ?

ಏಜೆಂಟಳ ತಲೆಯೊಳಗೆ ಕೂತು ಹೇಳಿದರೆ ಕಷ್ಟ. ಅವಳ ಎಲ್ಲ ಯೋಚನೆಗಳನ್ನೂ ಬರೆದು, ಮುಖ್ಯವಾದ ಒಂದನ್ನು ಮಾತ್ರ ಬಿಟ್ಟರೆ ಅದು ಮೋಸ. ಓದುಗರು ಕ್ಷಮಿಸುವುದಿಲ್ಲ, ಕ್ಷಮಿಸಬಾರದು ಕೂಡ.

ನನಗೆ ಹಿಡಿಸುವ ದಾರಿ ಎಂದರೆ ಅವಳನ್ನು ನೋಡುತ್ತಿರುವವನ ಕಣ್ಣಿನಿಂದ ಹೇಳುವುದು. ನಮ್ಮ ಕಥೆಯಲ್ಲಿ ಶ್ರೀಧರ. ಆದರೆ ಅವನು ಬರೀ ನೋಡುವವನಾಗಿದ್ದರೆ ಸಾಲದು. ಅವನ ತೀರ್ಮಾನಕ್ಕೆ ಬೆಲೆ ಇರಬೇಕು. ಮೀರಾ ನಿಷ್ಠಳು ಅಂತ ತಪ್ಪಾಗಿ ನಂಬಿದರೆ ಇನ್ನೂ ನಾಲ್ಕು ಜನ ಸಾಯುತ್ತಾರೆ. ದ್ರೋಹಿ ಅಂತ ತಪ್ಪಾಗಿ ನಂಬಿದರೆ ಅವಳು ಸಾಯುತ್ತಾಳೆ, ಆರು ವರ್ಷದ ಕೆಲಸ ಮಣ್ಣುಪಾಲು. ಜೊತೆಗೆ ಅವನಿಗೂ ಒಂದು ಸ್ವಾರ್ಥ ಕೊಡಿ. ಮೂರು ವರ್ಷದ ಹಿಂದೆ ಫೋನ್ ಎತ್ತದೆ ಇದ್ದವನು ಅವನೇ ಆಗಿದ್ದರೆ? ಅವಳು ದ್ರೋಹಿ ಅಂತ ಸಾಬೀತಾದರೆ ಅವನ ತಪ್ಪು ಮುಚ್ಚಿಹೋಗುತ್ತದೆ, ಅಲ್ವಾ?

ಅನುಮಾನ ಪಡುವವರನ್ನೇ ಅನುಮಾನ ಹೇಗೆ ತಿನ್ನುತ್ತದೆ ಅನ್ನುವುದಕ್ಕೆ ಯೂರಿ ನೊಸೆಂಕೊ ಪ್ರಕರಣ ಓದಬೇಕು. 1964ರಲ್ಲಿ ಅಮೆರಿಕದ ಕಡೆಗೆ ಬಂದ ಕೆಜಿಬಿ ಅಧಿಕಾರಿ. ಇವನನ್ನು ಬೇಕೆಂದೇ ಕಳಿಸಿದ್ದಾರೆ ಅಂತ ಸಿಐಎ ಒಳಗೆ ಕೆಲವರು ಪಟ್ಟು ಹಿಡಿದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಅವನನ್ನು ಒಂಟಿಯಾಗಿ ಕೂಡಿಹಾಕಿ ವಿಚಾರಿಸಿದರು. ಅವನು ಮಾತಾಡಿದ್ದೂ ಅನುಮಾನಕ್ಕೆ ದಾರಿ, ಮಾತಾಡದ್ದೂ ಅನುಮಾನಕ್ಕೆ ದಾರಿ. ಕೊನೆಗೆ ಸಂಸ್ಥೆಯೇ ಅವನನ್ನು ನಿಜವಾದವನು ಅಂತ ಒಪ್ಪಿಕೊಂಡಿತು.

ಒಂದು ನಿಯಮ ಮಾತ್ರ ಮುರಿಯಬೇಡಿ. ಪಾತ್ರಗಳು ಸುಳ್ಳು ಹೇಳಬಹುದು, ನಿರೂಪಣೆ ಸುಳ್ಳು ಹೇಳಬಾರದು. "ಮೀರಾಳಿಗೆ ಆಘಾತವಾಯಿತು" ಅಂತ ಬರೆದರೆ ಆಘಾತ ನಿಜವಾಗಿಯೂ ಆಗಿರಬೇಕು. "ಮೀರಾ ಕುರ್ಚಿಯ ಕೈ ಹಿಡಿದುಕೊಂಡಳು" ಅಂತ ಬರೆದರೆ ನೀವೂ ಸುರಕ್ಷಿತ, ದೃಶ್ಯಕ್ಕೂ ಜೀವ ಬರುತ್ತದೆ.

ಹೆಜ್ಜೆ 5: ಕಸುಬಿನ ವಿವರ, ಸ್ವಲ್ಪವೇ ಆದರೂ ಸರಿಯಾಗಿ

ಡೆಡ್ ಡ್ರಾಪ್ ಅಂದರೆ ಇಬ್ಬರು ಎದುರುಬದುರಾಗದೆ ಒಂದು ಜಾಗದಲ್ಲಿ ವಸ್ತು ಇಟ್ಟು, ತೆಗೆದುಕೊಳ್ಳುವುದು. ಹ್ಯಾಂಡ್ಲರ್ ಅಂದರೆ ಏಜೆಂಟನ್ನು ನಡೆಸುವ ಅಧಿಕಾರಿ. ಮೋಲ್ ಅಂದರೆ ಒಳಗೆ ಕೂತ ಎದುರಾಳಿಯ ಮನುಷ್ಯ. ಈ ಪದಗಳನ್ನು ಉದುರಿಸಿ ಜಾಣತನ ತೋರಿಸಬೇಕಾಗಿಲ್ಲ. ನಿಮ್ಮ ಕಥೆಗೆ ಮುಖ್ಯವಾಗಿ ಬೇಕಾಗುವುದು ಎರಡು ತಂತ್ರ.

ಮೊದಲನೆಯದು, ನಿಜವನ್ನೇ ಕೊಡುವುದು. ಎದುರಾಳಿ ನಂಬಬೇಕಾದರೆ ಡಬಲ್ ಏಜೆಂಟ್, ಅಂದರೆ ಎದುರಾಳಿಗೆ ಕೆಲಸ ಮಾಡುವ ಹಾಗೆ ನಟಿಸುತ್ತಾ ಇನ್ನೊಂದು ಕಡೆಗೆ ದುಡಿಯುವವನು, ಅವರಿಗೆ ಆಗಾಗ ನಿಜವಾದ ಸುದ್ದಿ ಕೊಡಲೇಬೇಕು. ಹುವಾನ್ ಪುಜೋಲ್ ಅನ್ನುವ ಸ್ಪೇನ್ ದೇಶದವನು ಎರಡನೇ ಮಹಾಯುದ್ಧದಲ್ಲಿ ಇದನ್ನು ಕಲೆಯ ಮಟ್ಟಕ್ಕೆ ಒಯ್ದ. ಶುರುವಿನಲ್ಲಿ ಅವನು ಬ್ರಿಟನ್ನಿಗೆ ಕಾಲೇ ಇಟ್ಟಿರಲಿಲ್ಲ. ಲಿಸ್ಬನ್‌ನಲ್ಲಿ ಕೂತು ಪ್ರವಾಸಿ ಪುಸ್ತಕ ನೋಡಿಕೊಂಡು, ಬ್ರಿಟನ್‌ನಿಂದ ಬರೆದ ಹಾಗೆ ಜರ್ಮನ್ನರಿಗೆ ವರದಿ ಕಳಿಸುತ್ತಿದ್ದ. 1942ರಲ್ಲಿ ಬ್ರಿಟಿಷರು ಅವನನ್ನು ಕರೆಸಿಕೊಂಡರು. ಮುಂದೆ ಅವನ ಕೈಕೆಳಗೆ 27 ಜನ ಏಜೆಂಟರಿದ್ದರು, ಒಬ್ಬರೂ ನಿಜವಾಗಿ ಇರಲಿಲ್ಲ! ಒಬ್ಬ 'ಏಜೆಂಟ್' ಹಡಗುಗಳ ಓಡಾಟ ಯಾಕೆ ವರದಿ ಮಾಡಲಿಲ್ಲ ಅನ್ನುವ ಪ್ರಶ್ನೆ ಬರಬಾರದು ಅಂತ ಅವನನ್ನು ಕಾಯಿಲೆಯಿಂದ ಸಾಯಿಸಿ, ಪತ್ರಿಕೆಯಲ್ಲಿ ಮರಣವಾರ್ತೆಯನ್ನೂ ಹಾಕಿಸಿದರು. 1944ರ ಜೂನ್‌ನಲ್ಲಿ ಫ್ರಾನ್ಸ್ ಕರಾವಳಿಯ ನಾರ್ಮಂಡಿಯಲ್ಲಿ ಬ್ರಿಟನ್ ಮತ್ತು ಮಿತ್ರರು ಮಾಡಲಿದ್ದ ದಾಳಿಯ ಸುದ್ದಿಯನ್ನು ಪುಜೋಲ್ ಜರ್ಮನ್ನರಿಗೆ ನಿಜವಾಗಿಯೇ ಕಳಿಸಿದ. ಉಪಯೋಗಕ್ಕೆ ಬಾರದಷ್ಟು ತಡವಾಗಿ, ಅಷ್ಟೇ. ಆ ನಿಜದಿಂದ ಗಳಿಸಿದ ನಂಬಿಕೆಯನ್ನು ಕೆಲವೇ ದಿನದಲ್ಲಿ ದೊಡ್ಡ ಸುಳ್ಳಿಗೆ ಖರ್ಚು ಮಾಡಿದ: ನಾರ್ಮಂಡಿ ಬರೀ ದಿಕ್ಕು ತಪ್ಪಿಸುವ ದಾಳಿ, ಅಸಲಿ ದಾಳಿ ಅದೇ ಕರಾವಳಿಯ ಇನ್ನೊಂದು ಊರಾದ ಕಲೇ ಕಡೆಗೆ ಬರುತ್ತದೆ ಅಂತ. ಅವರು ನಂಬಿದರು. ಎರಡೂ ದೇಶದವರು ಅವನಿಗೆ ಪದಕ ಕೊಟ್ಟರು.

ನಿಮ್ಮ ಕಥೆಗೆ ಇದರಲ್ಲಿ ಏನು ಸಿಕ್ಕಿತು? ನಿಜವಾದ ಸುದ್ದಿ ಕೊಟ್ಟಾಗ ನಿಜವಾಗಿ ಜನ ಸಾಯಬಹುದು. ಮೀರಾ ತನ್ನ ಹೆಸರು ಉಳಿಸಿಕೊಳ್ಳಲು ಕೊಟ್ಟ ಚಿಕ್ಕ ಸುದ್ದಿಯಿಂದ ಒಬ್ಬ ಡ್ರೈವರ್ ಸತ್ತ. ಆ ಸುದ್ದಿ ಕೊಡಲು ಒಪ್ಪಿಗೆ ಕೊಟ್ಟವರು ಯಾರು? ಒಪ್ಪಿಗೆಯ ಕಾಗದ ಎಲ್ಲಿ? ಈಗ ದ್ರೋಹ ಎಲ್ಲಿಂದ ಶುರು ಅಂತ ಹೇಳುವುದು ಎಲ್ಲರಿಗೂ ಕಷ್ಟ.

ಎರಡನೆಯ ತಂತ್ರ, ಸುದ್ದಿಯಲ್ಲಿ ಗುರುತು ಹಾಕುವುದು. ಅನುಮಾನ ಇರುವ ಮೂವರಿಗೆ ಒಂದೇ ಸುದ್ದಿಯ ಮೂರು ರೂಪ ಕೊಡುತ್ತಾರೆ. ಒಬ್ಬರಿಗೆ ಸೋಮವಾರ, ಒಬ್ಬರಿಗೆ ಮಂಗಳವಾರ, ಇನ್ನೊಬ್ಬರಿಗೆ ಬುಧವಾರ. ಎದುರಾಳಿಗಳು ಯಾವ ದಿನ ಬಂದರು ಅನ್ನುವುದರಿಂದ ಬಾಯಿಬಿಟ್ಟವರು ಯಾರು ಅಂತ ತಿಳಿಯುತ್ತದೆ. ಇದನ್ನು ಎಲ್ಲರೂ ಬಳಸುತ್ತಾರೆ, ಹಾಗಾಗಿ ಒಂದು ಮಡಿಕೆ ಜಾಸ್ತಿ ಕೊಡಿ. ಎದುರಾಳಿಗಳು ಮೀರಾಳ ದಿನವಾದ ಮಂಗಳವಾರವೇ ಬಂದರು. ಆದರೆ ಮಂಗಳವಾರ ಅಂತ ಶ್ರೀಧರ ಇನ್ನೊಬ್ಬ ಮೇಲಧಿಕಾರಿಗೂ ಹೇಳಿದ್ದ, ಅವನನ್ನು ಅನುಮಾನಿಸುವ ಯೋಚನೆಯೇ ಬಂದಿರಲಿಲ್ಲ.

ಸುಳ್ಳು ಪತ್ತೆ ಯಂತ್ರದ ದೃಶ್ಯ ಬರೆಯಬೇಕು ಅನಿಸಿದರೆ ಬರೆಯಿರಿ, ಆದರೆ ಅದರಿಂದ ತೀರ್ಪು ಕೊಡಿಸಬೇಡಿ. ಏಮ್ಸ್ ದ್ರೋಹ ಶುರು ಮಾಡಿದ ಮೇಲೆ 1986ರಲ್ಲಿ ಒಮ್ಮೆ, 1991ರಲ್ಲಿ ಒಮ್ಮೆ ಆ ಪರೀಕ್ಷೆ ಪಾಸಾಗಿದ್ದ.

ವಿವರ ಎಷ್ಟು ಚಿಕ್ಕದಿದ್ದರೆ ಅಷ್ಟು ಚೆನ್ನ. 1985ರಲ್ಲಿ ಗೊರ್ಡಿಯೆವ್‌ಸ್ಕಿಯನ್ನು ಲಂಡನ್ನಿನಿಂದ ಮಾಸ್ಕೋಗೆ ವಾಪಸ್ ಕರೆಸಿದರು. ಕಾರಣ ಮಾಮೂಲಿನ ಹಾಗೇ ಇತ್ತು. ಅವನ ಫ್ಲ್ಯಾಟಿನ ಬಾಗಿಲಿಗೆ ಮೂರು ಬೀಗ. ಮೂರನೆಯದನ್ನು ಅವನು ಎಂದೂ ಹಾಕುತ್ತಿರಲಿಲ್ಲ. ಅವತ್ತು ಅದು ಹಾಕಿತ್ತು. ಒಳಗೆ ಯಾರೋ ಬಂದು ಹೋಗಿದ್ದಾರೆ ಅಂತ ಅವನಿಗೆ ಗೊತ್ತಾಗಿದ್ದು ಹಾಗೆ. ಹತ್ತು ಬಂದೂಕಿಗಿಂತ ಆ ಒಂದು ಬೀಗ ಜಾಸ್ತಿ ಹೆದರಿಸುತ್ತದೆ.

ಹೆಜ್ಜೆ 6: ಆ್ಯಕ್ಷನ್ ದೃಶ್ಯ ಒಂದು ಪರೀಕ್ಷೆ

ಇದು ಥ್ರಿಲ್ಲರ್. ಓಟ, ಹೊಡೆದಾಟ, ಗುಂಡು ಇರಲೇಬೇಕು. ಆದರೆ ಎಷ್ಟೋ ಹಸ್ತಪ್ರತಿಗಳಲ್ಲಿ ಕಥೆ ಒಂದು ಕಡೆ, ಆ್ಯಕ್ಷನ್ ಒಂದು ಕಡೆ. ಹೊಡೆದಾಟ ಬಂದ ಕೂಡಲೇ ನಿಷ್ಠೆಯ ಪ್ರಶ್ನೆಗೆ ರಜಾ! ವಾಸ್ತವದಲ್ಲಿ ಯೋಚಿಸಲು ಸಮಯ ಇಲ್ಲದಾಗಲೇ ಮನುಷ್ಯ ಬಯಲಾಗುವುದು. ಹಾಗಾಗಿ ಪ್ರತಿ ಆ್ಯಕ್ಷನ್ ದೃಶ್ಯಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಅವಳು ಅರ್ಧ ಸೆಕೆಂಡಿನಲ್ಲಿ ಏನು ಆರಿಸಿಕೊಳ್ಳಬೇಕು?

ಒಂದು ದೃಶ್ಯ ನೋಡಿ. ಮೀರಾ ಮತ್ತು ಅವಳ ಸಂಸ್ಥೆಯ ಹುಡುಗ ವಿನಯ್ ಮೆಟ್ಟಿಲು ಹತ್ತಿ ಓಡುತ್ತಿದ್ದಾರೆ. ಹಿಂದೆ ಒಬ್ಬ ಬರುತ್ತಿದ್ದಾನೆ. ಸಾಮಾನ್ಯವಾಗಿ ಬರೆಯುವುದು ಹೀಗೆ:

"ಮೀರಾ ಮಿಂಚಿನಂತೆ ತಿರುಗಿ ಗುಂಡಿನ ಮಳೆ ಸುರಿಸಿದಳು. ಶತ್ರು ಚೀರುತ್ತಾ ಉರುಳಿದ. ಇಬ್ಬರೂ ಕಿಟಕಿಯ ಗಾಜು ಒಡೆದು ಪಕ್ಕದ ಕಟ್ಟಡಕ್ಕೆ ಹಾರಿದರು."

ಸದ್ದು ಇದೆ, ಬೇರೇನೂ ಇಲ್ಲ. ಈಗ ಇನ್ನೊಂದು:

"ಕೆಳಗಿನ ತಿರುವಿನಲ್ಲಿ ಅವನು ಕಾಣಿಸಿದ. ನಾಲ್ಕು ಮೆಟ್ಟಿಲು ಅಂತರ. ಮೀರಾಳ ಪಿಸ್ತೂಲು ಅವನ ಎದೆಗೆ ನೇರ ಇತ್ತು. ವಿನಯ್ ಅವಳ ಭುಜದ ಹಿಂದೆ ಏದುಸಿರು ಬಿಡುತ್ತಿದ್ದ. ಅವಳು ಕೈಯನ್ನು ಒಂದು ಗೇಣು ಮೇಲೆತ್ತಿ ಹಾರಿಸಿದಳು. ಬಲ್ಬು ಒಡೆಯಿತು. ಕತ್ತಲು. ಕೆಳಗೆ ಗಾಜಿನ ಚೂರು ಮೆಟ್ಟಿಲ ಮೇಲೆ ಬೀಳುವ ಸದ್ದು. ವಿನಯ್ ಅವಳ ತೋಳು ಹಿಡಿದು ಎಳೆದ. ಮೂರು ಮಹಡಿ ಹತ್ತಿದ ಮೇಲೆ ಅವನಿಗೆ ಹೊಳೆಯಿತು, ಕೆಳಗಿದ್ದವನ ಕೈಯಲ್ಲೂ ಪಿಸ್ತೂಲಿತ್ತು. ಅವನೂ ಹಾರಿಸಲಿಲ್ಲ."

ಕತ್ತಲು ಮಾಡಿದ್ದರಿಂದ ಇಬ್ಬರೂ ತಪ್ಪಿಸಿಕೊಂಡರು. ಕತ್ತಲು ಮಾಡಿದ್ದರಿಂದ ಅವನೂ ಬದುಕಿದ. ಎರಡು ಕಾಲಮ್ಮೂ ತುಂಬಿದವು. ಗಮನಿಸಿ, ಅನುಮಾನ ಬಂದದ್ದು ಆಮೇಲೆ, ಉಸಿರು ಸುಧಾರಿಸಿಕೊಂಡಾಗ. ಓಡುವಾಗ ಯೋಚನೆ ತುರುಕಿದರೆ ಓಟ ನಿಂತುಹೋಗುತ್ತದೆ. ಓಡುವಾಗ ಚಿಕ್ಕ ವಾಕ್ಯ, ಜಾಗದ ಲೆಕ್ಕ, ಕೈಕಾಲಿನ ಕೆಲಸ. ಅರ್ಥ ಹುಡುಕುವುದು ನಿಂತ ಮೇಲೆ.

ದೇಹದ ಮಿತಿ ಮರೆಯಬೇಡಿ. ಬಂದೂಕಿನ ಸದ್ದು ಸುಮಾರು 160 ಡೆಸಿಬೆಲ್ ಆಸುಪಾಸು. ಸೈಲೆನ್ಸರ್ ಅದರಲ್ಲಿ 20ರಿಂದ 35 ಡೆಸಿಬೆಲ್ ಇಳಿಸಬಹುದು, ಅಷ್ಟೇ. ಪಕ್ಕದ ಕೋಣೆಯವರಿಗೆ ಕೇಳದ ಪಿಸುಮಾತು ಆಗುವುದಿಲ್ಲ. ಮುಚ್ಚಿದ ಮೆಟ್ಟಿಲಿನಲ್ಲಿ ಒಂದು ಗುಂಡು ಹಾರಿದರೆ ಸ್ವಲ್ಪ ಹೊತ್ತು ಕಿವಿ ಗುಂಯ್ ಅನ್ನುತ್ತದೆ, ಪಿಸುಗುಟ್ಟಿ ಮಾತಾಡುವ ದೃಶ್ಯ ಆಗ ನಡೆಯುವುದಿಲ್ಲ. ತಲೆಗೆ ಏಟು ಬಿದ್ದು ಅರ್ಧ ಗಂಟೆ ಪ್ರಜ್ಞೆ ತಪ್ಪಿದವನು ಎದ್ದು ಕಾರು ಓಡಿಸುವುದಿಲ್ಲ, ಆಸ್ಪತ್ರೆಗೆ ಹೋಗುತ್ತಾನೆ. ಹೊಡೆದಾಟ ಮುಗಿದ ಮೇಲೆ ಕೈ ನಡುಗುತ್ತದೆ, ಬಾಯಿ ಒಣಗುತ್ತದೆ. ಕೈ ನಡುಗದೇ ಇದ್ದರೆ ಅದೂ ಒಂದು ಸುಳಿವು. ಶ್ರೀಧರ ಅದನ್ನು ಬರೆದುಕೊಳ್ಳಲಿ.

ಹೆಜ್ಜೆ 7: ಮಧ್ಯಭಾಗ ಜೋತುಬೀಳದ ಹಾಗೆ

ಓದುಗರ ತೀರ್ಪು ಇಡೀ ಕಥೆಯಲ್ಲಿ ಮೂರು ನಾಲ್ಕು ಸಲ ಮಗುಚಿದರೆ ಸಾಕು. ಪ್ರತಿ ಅಧ್ಯಾಯಕ್ಕೂ ಮಗುಚಿದರೆ ಅವರು ಊಹಿಸುವುದನ್ನೇ ಬಿಟ್ಟು, ಬರೆದವರು ಹೇಳಿದಾಗ ನೋಡೋಣ ಅಂತ ಕೂರುತ್ತಾರೆ. ಮಗುಚುವಾಗ ಹೊಸ ಮಾಹಿತಿ ತರುವುದಕ್ಕಿಂತ ಹಳೆಯದನ್ನೇ ಬೇರೆ ಬೆಳಕಿನಲ್ಲಿ ತೋರಿಸಿ. ಒಣಗಿದ ಕೋಟು ಮಾಡಿದ್ದು ಅದನ್ನೇ. ಅರ್ಧದ ಹೊತ್ತಿಗೆ ಎದುರಾಳಿಗಳಿಗೂ ಅವಳ ಮೇಲೆ ಅನುಮಾನ ಬರಲಿ. ಎರಡು ಕಡೆಯವರೂ ಒಂದೇ ವಾರದಲ್ಲಿ ಅವಳಿಂದ ಒಂದೊಂದು ಪುರಾವೆ ಕೇಳಲಿ. ಎರಡನ್ನೂ ಕೊಡಲು ಆಗದ ಹಾಗಿರಲಿ.

ಹೆಜ್ಜೆ 8: ಕ್ಲೈಮ್ಯಾಕ್ಸ್

ಇಲ್ಲಿಯವರೆಗೆ ಎರಡು ಅರ್ಥ ಬರುವ ಕೆಲಸಗಳು. ಕ್ಲೈಮ್ಯಾಕ್ಸ್‌ನಲ್ಲಿ ಒಂದೇ ಒಂದು ಅರ್ಥ ಬರುವ ಕೆಲಸ ಬೇಕು. ಅವಳು ಅದನ್ನು ಎಲ್ಲರೆದುರು ಮಾಡಬೇಕು, ಮಾಡಿದ ಮೇಲೆ ವಾಪಸ್ ತೆಗೆದುಕೊಳ್ಳಲು ಆಗಬಾರದು. ಮಾತಿನಲ್ಲಿ ಒಪ್ಪಿಸಬೇಡಿ. ಛಾವಣಿಯ ಮೇಲೆ ಬಂದೂಕು ಹಿಡಿದು ಮೂರು ಪುಟ ಆತ್ಮಕಥೆ ಹೇಳುವ ಪಾತ್ರಗಳನ್ನು ಓದಿ ಓದಿ ಸಾಕಾಗಿದೆ.

ಅವಳು ಆರಿಸಿಕೊಂಡದ್ದಕ್ಕೆ ಬೆಲೆ ಕೊಡಬೇಕು, ಅದೂ ಅವಳಿಗೆ ಪ್ರಿಯವಾದ ವಸ್ತುವಿನಿಂದ. ಗೊರ್ಡಿಯೆವ್‌ಸ್ಕಿ 1985ರ ಜುಲೈನಲ್ಲಿ ಬ್ರಿಟಿಷ್ ರಾಜತಾಂತ್ರಿಕರ ಕಾರಿನ ಡಿಕ್ಕಿಯಲ್ಲಿ ಅಡಗಿ ಫಿನ್‌ಲ್ಯಾಂಡ್ ಗಡಿ ದಾಟಿದ. ತಪಾಸಣೆಯಲ್ಲಿ ನಾಯಿಗಳು ಡಿಕ್ಕಿಯ ಹತ್ತಿರ ಬಂದಾಗ ರಾಜತಾಂತ್ರಿಕರ ಹೆಂಡತಿಯೊಬ್ಬರು ಅಲ್ಲೇ ಮಗುವಿನ ಡೈಪರ್ ಬದಲಿಸಿ ಆ ವಾಸನೆಯಿಂದ ಅವುಗಳ ದಿಕ್ಕು ತಪ್ಪಿಸಿದರು. ಸಿನಿಮಾದವರು ಇದನ್ನು ಬರೆದರೆ ಯಾರೂ ನಂಬುತ್ತಿರಲಿಲ್ಲ! ಆದರೆ ಕಥೆ ಬರೆಯುವವರು ನೋಡಬೇಕಾದದ್ದು ಆ ಕಾರಿನಲ್ಲಿ ಇಲ್ಲದವರನ್ನು. ಹೆಂಡತಿಗೆ ಅವನು ಏನೂ ಹೇಳಿರಲಿಲ್ಲ. ಅವಳೂ ಇಬ್ಬರು ಹೆಣ್ಣುಮಕ್ಕಳೂ ಸೋವಿಯತ್ ಒಕ್ಕೂಟದಲ್ಲೇ ಉಳಿದರು. ಮತ್ತೆ ಸೇರಿದ್ದು 1991ರಲ್ಲಿ. ಅಷ್ಟರಲ್ಲಿ ಸಂಸಾರ ಒಡೆದುಹೋಗಿತ್ತು. ಒಂದು ಕಡೆಗೆ ಸಂಪೂರ್ಣ ನಿಷ್ಠನಾಗಿದ್ದವನು ಮನೆಯಲ್ಲಿ ಯಾರಾದ?

ಮುಕ್ತಾಯವನ್ನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬಿಡಬಹುದಾ ಅಂತ ಕೇಳುತ್ತಾರೆ. ಬಿಡಬಹುದು, ಒಂದು ಷರತ್ತಿನ ಮೇಲೆ. ಘಟನೆ ಮುಗಿದಿರಬೇಕು. ಬಾಂಬ್ ಸಿಡಿಯಿತಾ ಇಲ್ಲವಾ, ವಿನಯ್ ಬದುಕಿದನಾ ಸತ್ತನಾ, ಪಟ್ಟಿ ಯಾರ ಕೈ ಸೇರಿತು, ಇವೆಲ್ಲ ಖಚಿತವಾಗಿ ಗೊತ್ತಾಗಬೇಕು. ಅವಳ ಮನಸ್ಸೊಂದನ್ನು ತೆರೆದು ಬಿಡಿ. ಎರಡನ್ನೂ ತೆರೆದು ಬಿಟ್ಟರೆ, ಬರೆಯುವವರೇ ಸುಸ್ತಾಗಿ ಎದ್ದು ಹೋದರು ಅನಿಸುತ್ತದೆ.

ಹೆಜ್ಜೆ 9: ತಿದ್ದುವುದು

ಕರಡು ಮುಗಿದ ಮೇಲೆ ಕೆಲವು ದಿನ ಮುಟ್ಟಬೇಡಿ. ಆಮೇಲೆ ಎರಡು ಸಲ ಓದಿ, ಬೇರೆ ಬೇರೆ ದಿನ. ಮೊದಲ ಓದಿನಲ್ಲಿ ಮೀರಾ ದ್ರೋಹಿ ಅಂತ ಗಟ್ಟಿಯಾಗಿ ನಂಬಿಕೊಳ್ಳಿ. ಆ ನಂಬಿಕೆಗೆ ಹೊಂದದ ಸಾಲು ಕಂಡಲ್ಲೆಲ್ಲ ಕೆಂಪು ಗೆರೆ. ಎರಡನೆಯ ಓದಿನಲ್ಲಿ ಅವಳು ನಿಷ್ಠಳು ಅಂತ ನಂಬಿ ಹಸಿರು ಗೆರೆ. ಕ್ಲೈಮ್ಯಾಕ್ಸ್‌ಗೆ ಮುಂಚೆ ಯಾವ ಬಣ್ಣ ಜಾಸ್ತಿ ಕಂಡರೂ ಅಲ್ಲಿ ಕೆಲಸ ಬಾಕಿ ಇದೆ.

ಸಂಭಾಷಣೆಯಲ್ಲಿ "ನಾನು ಯಾರು ಅಂತ ನಿಮಗೆ ಗೊತ್ತಿಲ್ಲ", "ಯಾರನ್ನೂ ನಂಬಬೇಡ" ಅನ್ನುವ ಮಾತುಗಳಿದ್ದರೆ ಅಳಿಸಿ. ಅನುಮಾನ ಪಡಿ ಅಂತ ಓದುಗರನ್ನು ಬೇಡಿಕೊಳ್ಳುವ ಮಾತುಗಳು ಅವು. ನಿಜವಾಗಿ ಎರಡು ಕಡೆ ಇರುವವಳು ಆದಷ್ಟು ಮಾಮೂಲಾಗಿ ಮಾತಾಡುತ್ತಾಳೆ. ಲಿಫ್ಟ್ ಕೆಟ್ಟಿದೆ ಅನ್ನುತ್ತಾಳೆ, ರಜೆ ಯಾವಾಗ ಮಂಜೂರಾಗುತ್ತೆ ಅಂತ ಕೇಳುತ್ತಾಳೆ.

ಕೊನೆಗೆ ಇಬ್ಬರಿಗೆ ಓದಲು ಕೊಡಿ, ಆದರೆ ಕ್ಲೈಮ್ಯಾಕ್ಸ್‌ಗೆ ಮುಂಚಿನ ಪುಟದವರೆಗೆ ಮಾತ್ರ. ಅಲ್ಲಿ ನಿಲ್ಲಿಸಿ, ಅವಳು ಯಾರ ಕಡೆ ಅಂತ ಕೇಳಿ. ಉತ್ತರಕ್ಕಿಂತ ಅವರು ಕೊಡುವ ಕಾರಣ ಬರೆದುಕೊಳ್ಳಿ. "ಗೊತ್ತಿಲ್ಲ" ಅಂದರೆ ನೀವು ಮಾಹಿತಿ ಕಡಿಮೆ ಕೊಟ್ಟಿದ್ದೀರಿ. ಒಬ್ಬರು ಇವಳು ದ್ರೋಹಿ ಅಂತ, ಇನ್ನೊಬ್ಬರು ಖಂಡಿತ ಅಲ್ಲ ಅಂತ, ಇಬ್ಬರೂ ಆ ಕೋಟನ್ನೇ ಸಾಕ್ಷಿಯಾಗಿ ಹಿಡಿದು ಜಗಳಕ್ಕೆ ನಿಂತರೆ ಉಳಿದ ಪುಟಗಳನ್ನು ಅವರ ಕೈಗೆ ಕೊಡಬಹುದು.